ಮಚ್ಚೆಯಿಲ್ಲದ ಕಾಯಿ

ಓದಿಗೆಂದು ಹೊರಗಿದ್ದು ಊರಿಗೆ ಮರಳಿದ ತನುಜ ಕದಿರಮ್ಮನವರನ್ನು ಮೊದಲು ಹತ್ತಿರದಿಂದ ಕಂಡದ್ದು ಚಿಂತಾಮಣಿಯ ತರಕಾರಿ ಮಾರುಕಟ್ಟೆಯಲ್ಲಿ, ಒಂದು ಜಗಳದ ನಡುವೆ. ಅದು 2006ರ ಕಾರ್ತಿಕ ಮಾಸ. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. "ಹುರುಳಿಕಾಯಿ ಮಾರೋ ಕಡೆ ಹೋಗು. ಎಲ್ಲಿ ಗಲಾಟೆ ಜಾಸ್ತಿ ಕೇಳ್ಸುತ್ತೋ ಅಲ್ಲಿ ನಮ್ಮ ಅತ್ತಿಗೆ ಇರ್ತಾರೆ" ಎಂದು ರೇಷ್ಮೆ ಬೆಳೆಗಾರರ ಸಂಘದ ಕಾರ್ಯದರ್ಶಿ ಮೋಹನ್‌ಬಾಬು ಗುರುತು ಹೇಳಿ ಕಳಿಸಿದ್ದ. ಗುರುತು ತಪ್ಪಲಿಲ್ಲ. ಗೋಣಿತಾಟಿನ ಮೇಲೆ ಸುರಿದ ಕಾಯಿಯ ರಾಶಿಯ ಮುಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕುಕ್ಕರುಗಾಲಲ್ಲಿ ಕೂತಿದ್ದರು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. ಹಣೆಯಲ್ಲಿ ಕಾಸಗಲದ ಕುಂಕುಮ. ಒಂದೊಂದೇ ಕಾಯಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಮಗ್ಗುಲು ತಿರುಗಿಸಿ ನೋಡುತ್ತಿದ್ದರು. ಸಾಸಿವೆಯಷ್ಟು ಕಪ್ಪು ಕಂಡರೂ ಸಾಕು, ಆ ಕಾಯಿ ಹಾರಿ ಮಾರುವವನ ಮಡಿಲಿಗೆ ಬೀಳುತ್ತಿತ್ತು.

ಮಾರುವವನು ಎರ್ರಪ್ಪ, ಆಂಧ್ರದ ಗಡಿ ಕಡೆಯ ಹಳ್ಳಿಯವನು, ತಾನೇ ಬೆಳೆದು ತಾನೇ ತಂದು ಮಾರುವವನು. ಅವನ ತಾಳ್ಮೆ ಮುಗಿದಿತ್ತು.

"ಏಮಮ್ಮಾ, ಕಾಯಿ ಕೊಳ್ಳಕ್ಕೆ ಬಂದ್ಯೋ, ಹೆಣ್ಣು ನೋಡಕ್ಕೆ ಬಂದ್ಯೋ?"

"ಹೆಣ್ಣಿಗಾದ್ರೆ ಒಂದು ಮಚ್ಚೆ ಇದ್ರೂ ನಡೀತದೆ ಎರ್ರಪ್ಪ. ಕಾಯಿಗೆ ನಡಿಯಲ್ಲ. ಎತ್ತಿಟ್ಕೋ ನಿನ್ನ ಕಸಾನ."

"ಕಸ ಅಂತೆ! ಬೆಂಗಳೂರಿಗೆ ಹೋಗೋ ಮಾಲು ತಾಯೀ ಇದು."

"ಬೆಂಗಳೂರೋರು ಏನು ಕೊಟ್ರೂ ತಿಂತಾರೆ. ನನ್ನ ಹುಳ ತಿನ್ನಲ್ಲ."

ಸುತ್ತಲಿನವರು ನಕ್ಕರು. ಕದಿರಮ್ಮ ನಗಲಿಲ್ಲ. ಚೀಲ ತುಂಬಿಸಿಕೊಂಡು ಎದ್ದವರಿಗೆ ಪಕ್ಕದಲ್ಲಿ ನಿಂತಿದ್ದ ಹುಡುಗಿ ಕಂಡಳು.

"ನೀನೇನಾ ಮೋಹನ ಹೇಳಿದ್ದ ಓದಿರೋ ಹುಡುಗಿ?"

"ಹೂಂ ಅಮ್ಮ. ತನುಜ ಅಂತ. ಬಿ.ಎಸ್ಸಿ. ಆಗಿದೆ. ಬೆಂಗಳೂರಲ್ಲಿ ತರಬೇತೀನೂ ಮುಗಿಸ್ಕೊಂಡು ಬಂದಿದೀನಿ."

"ಯಾರ ಮಗಳಮ್ಮ ನೀನು?"

"ಮುನಿಶಾಮಮ್ಮನ ಮಗಳು. ಹುಳದ ಮನೆ ಕೆಲಸಕ್ಕೆ ಬರ್ತಾರಲ್ಲ, ಹಣ್ಣುಹುಳ ಆರ್ಸೋಕೆ."

"ಓ... ಕಾಲೋನಿ ಮುನಿಶಾಮಮ್ಮನ ಮಗಳಾ."

ಕದಿರಮ್ಮನವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಆದರೆ ಅವಳ ಕಡೆಗೆ ಅರ್ಧ ಚಾಚಿದ್ದ ಚೀಲ ನಡುವೆಯೇ ನಿಂತಿತು, ನಿಧಾನಕ್ಕೆ ಇಳಿದು ನೆಲದ ಮೇಲೆ ಕೂತಿತು. "ತಗೋ" ಎಂದರು. ತನುಜ ಬಗ್ಗಿ ಎತ್ತಿಕೊಂಡಳು. ಕಾಲೋನಿಯಲ್ಲಿ ಮೊದಲ ಪದವಿ ಅವಳದು. ಮನಸ್ಸು ಹೇಳುವ ಮೊದಲೇ ತನ್ನ ಸೊಂಟ ಬಗ್ಗಿದ್ದಕ್ಕೆ ಅವಳಿಗೆ ಬಂದ ಸಿಟ್ಟು ಊರಾದ ದಿಬ್ಬೂರಹಳ್ಳಿಯವರೆಗೂ ಬಸ್ಸಿನಲ್ಲಿ ಜೊತೆಗೆ ಬಂತು.

ಹುರುಳಿಕಾಯಿಗೂ ಹುಳಕ್ಕೂ ಏನು ಸಂಬಂಧ ಎಂದು ಊರಿನವರೂ ಕೇಳುತ್ತಿದ್ದರು. ಹಿಪ್ಪುನೇರಳೆ ಸೊಪ್ಪಿಗೆ ಕಣ್ಣಿಗೆ ಸರಿಯಾಗಿ ಕಾಣದ ನುಸಿ ಬೀಳುತ್ತದೆ. ರಸ ಹೀರುತ್ತದೆ, ಎಲೆ ದೋಣಿಯ ಹಾಗೆ ಮಡಚಿಕೊಳ್ಳುತ್ತದೆ. ಬೇರೆ ಬೆಳೆಯಾದರೆ ಔಷಧಿ ಹೊಡೆಯಬಹುದು. ಸೊಪ್ಪಿಗೆ ಹೊಡೆದರೆ ಅದನ್ನು ತಿಂದ ರೇಷ್ಮೆ ಹುಳವೂ ಹೋಗುತ್ತದೆ. ಅದಕ್ಕೆಂದೇ ಸಂಘದವರು ನುಸಿಯನ್ನು ಬೇಟೆಯಾಡುವ ಒಂದು ಸಣ್ಣ ಕೀಟವನ್ನು ಸಾಕಿ ತೋಟಗಳಿಗೆ ಬಿಡುವ ಕೆಲಸ ಹಿಡಿದಿದ್ದರು. ನೋಡಲು ತಿಗಣೆಯ ಜಾತಿ, ಎಳ್ಳಿನ ಗಾತ್ರ. ಅಕ್ಕಿಯಲ್ಲಿ ಬೀಳುವ ಚಿಟ್ಟೆಯ ಮೊಟ್ಟೆ ಹಾಕಿದರೆ ಹೊಟ್ಟೆ ತುಂಬ ತಿನ್ನುತ್ತಿತ್ತು. ಆದರೆ ಮೊಟ್ಟೆ ಇಡಲು ಮಾತ್ರ ಅದಕ್ಕೆ ಹಸಿ ಗಿಡದ ಮೈಯೇ ಬೇಕು. ಗಾಜಿನ ಮೇಲೂ ಇಡುವುದಿಲ್ಲ, ಹತ್ತಿಯ ಮೇಲೂ ಇಡುವುದಿಲ್ಲ. ಎಳೆ ಹುರುಳಿಕಾಯಿಯ ಸಿಪ್ಪೆಗೆ ಸೂಜಿಯಂತೆ ಚುಚ್ಚಿ, ತಿರುಳಿನೊಳಗೆ ಮೊಟ್ಟೆಯನ್ನು ಹೂತು, ಮೇಲೆ ಒಂದು ಬಿಳಿ ಮುಚ್ಚಳವಷ್ಟೇ ಕಾಣುವ ಹಾಗೆ ಬಿಡುತ್ತದೆ. ಕಾಯಿಯೇ ಅದರ ತೊಟ್ಟಿಲು. ತೊಟ್ಟಿಲಿನಿಂದ ಎದ್ದ ಮರಿ ಮೊದಲು ನೆಕ್ಕುವ ನೀರೂ ಆ ಕಾಯಿಯದೇ.

ಸಾಕುವ ಜಾಗ ಕದಿರಮ್ಮನವರ ಮನೆಯ ಹಳೆಯ ಚಾಕಿ ಕೋಣೆ. ಮೊಟ್ಟೆಯೊಡೆದ ರೇಷ್ಮೆ ಹುಳವನ್ನು ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ, ಹಸುಗೂಸಿನ ಹಾಗೆ ನೋಡಿಕೊಳ್ಳುವುದಕ್ಕೆ ಚಾಕಿ ಅನ್ನುತ್ತಾರೆ. ಕೈವಾರದ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದ ಕದಿರಮ್ಮ ಆ ಕೆಲಸದಲ್ಲಿ ಹೆಸರಾದವರು. ಅವರ ಕೈಯಲ್ಲಿ ಚಾಕಿ ಕಟ್ಟಿಸಿದರೆ ಬೆಳೆ ಕೈಕೊಡುವುದಿಲ್ಲ ಎಂದು ಸುತ್ತಲಿನ ಹಳ್ಳಿಯವರು ಮೊಟ್ಟೆ ತಂದು ಕೊಟ್ಟು ಕಾದು ಕೂರುತ್ತಿದ್ದರು. "ಕದಿರಮ್ಮನ ಕೈಗುಣ" ಎಂಬುದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲೂ ಬಳಕೆಯಲ್ಲಿದ್ದ ಮಾತು. ಆಮೇಲೆ ದೊಡ್ಡ ಚಾಕಿ ಕೇಂದ್ರ ಬಂತು, ಜನ ಅತ್ತ ಹೋದರು, ಕೋಣೆಯಲ್ಲಿ ಹಳೆಯ ತಟ್ಟೆಗಳು ಉಳಿದವು. ಮೈದುನ ಮೋಹನ್‌ಬಾಬು ತಿಗಣೆ ಸಾಕಣೆ ತಂದಾಗ ಅವರು ಆ ಕೋಣೆಗೆ ಮತ್ತೆ ಸುಣ್ಣ ಹೊಡೆಸಿದರು. ಊರಿನವರು "ತಿಗಣೆ ಮನೆ" ಎಂದು ಹೆಸರಿಟ್ಟರು. "ಕದಿರಮ್ಮೋ, ನಮ್ಮನೆ ಮಂಚದಲ್ಲೂ ಇವೆ, ತಂದುಕೊಡ್ಲಾ?" ಎಂದು ಚುಡಾಯಿಸಿದವರಿಗೆ, "ತಗೊಂಬಾ, ಅವುಕ್ಕಾದ್ರೂ ನಮ್ಮನೇಲಿ ಹೊಟ್ಟೆ ತುಂಬಲಿ" ಎನ್ನುತ್ತಿದ್ದರು.

ತಿಗಣೆ ಮನೆಯನ್ನೂ ಅವರು ಹುಳದ ಮನೆಯ ಹಾಗೆಯೇ ನಡೆಸಿದರು. ಹೊಸ್ತಿಲಲ್ಲಿ ಸುಣ್ಣದ ಪುಡಿ. ಹೊರಗಿನವರ ಕಣ್ಣು ಬೀಳಬಾರದೆಂದು ಬಾಗಿಲಿಗೆ ಗೋಣಿ. ಎಲ್ಲಕ್ಕಿಂತ ದೊಡ್ಡ ನೇಮ, ಒಳಗೆ ಹೋಗುವ ಹಸಿರು ಕುಂದಿಲ್ಲದ್ದಾಗಿರಬೇಕು. ಚಾಕಿ ಹುಳಕ್ಕೆ ಮಿಂಚುವ ಎಳೆ ಎಲೆಯನ್ನೇ ಆರಿಸಿ ಹಾಕಿ ಬೆಳೆದ ಕೈ ಅದು. ಎಲೆ ಹೊಳೆದರೆ ಹುಳ ಹೊಳೆಯುತ್ತದೆ ಎಂಬುದು ರಕ್ತಕ್ಕೆ ಇಳಿದಿತ್ತು. ಹಾಗಾಗಿ ಕಾಯಿ ಆರಿಸುವುದು ಅವರೇ. ತನುಜಳ ಪಾಲಿಗೆ ಉಳಿದದ್ದು ಆ ಕಾಯಿಯನ್ನು ಮೂರು ನೀರಿನಲ್ಲಿ ತೊಳೆದು, ನೆರಳಲ್ಲಿ ಆರಿಸಿ, ಜಾಡಿಗೆ ಹಾಕಿ, ಭೂತಗನ್ನಡಿಯಲ್ಲಿ ಮೊಟ್ಟೆಯ ಮುಚ್ಚಳಗಳನ್ನು ನೋಡುವುದು. ಕಾಯಿ ಪ್ರತಿದಿನ ನೆಲದ ಮೇಲೆ ಇಳಿಯುತ್ತಿತ್ತು. ಅವಳು ಪ್ರತಿದಿನ ಬಗ್ಗುತ್ತಿದ್ದಳು.

ಚಳಿಗಾಲವೆಲ್ಲ ಮರಿಗಳು ಚೆನ್ನಾಗಿ ಎದ್ದವು. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಕಡಿಮೆಯಾದವು. ಮುಚ್ಚಳಗಳು ತೆರೆಯದೆ ಕಂದು ತಿರುಗಿದವು. ತೆರೆದು ಬಂದ ಮರಿಗಳು ಕಾಯಿಯ ಮೇಲೆ ಒಂದಿಷ್ಟು ಓಡಾಡಿ ಬೆನ್ನ ಮೇಲೆ ಬಿದ್ದು ಕಾಲು ಆಡಿಸಿದವು. ಆಮೇಲೆ ತಾಯಿ ತಿಗಣೆಗಳೂ ಸಾಯತೊಡಗಿದವು. ತನುಜ ಸೆಖೆಯನ್ನು ಅನುಮಾನಿಸಿ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದಳು. ಜಾಡಿಗಳನ್ನು ಕುದಿನೀರಲ್ಲಿ ಅದ್ದಿದಳು. ಕದಿರಮ್ಮ ತಮ್ಮ ಪಾಲಿನದನ್ನು ಮಾಡಿದರು. ಇನ್ನೂ ಕಟ್ಟುನಿಟ್ಟಾಗಿ ಆರಿಸಿ, ಇನ್ನೂ ಹೊಳೆಯುವ ಕಾಯಿ ತಂದರು. ಸಾವು ಹೆಚ್ಚಾಯಿತು.

ಯುಗಾದಿಯ ಮುಂಚಿನ ವಾರ ಮೋಹನ್‌ಬಾಬು ಬಂದು ಖಾಲಿ ಜಾಡಿಗಳನ್ನು ಎತ್ತಿ ನೋಡಿದ. ತನುಜಳ ಮುಖ ನೋಡಲಿಲ್ಲ.

"ಅತ್ತಿಗೆ, ಇದೇ ಕೋಣೆ, ನಿಮ್ಮದೇ ಕಾಯಿ. ಮೊದ್ಲು ಹಿಂಗಾಗ್ತಿತ್ತಾ?"

"ಹುಳ ಅಂದ್ಮೇಲೆ ಕೈಗುಣ ನೋಡುತ್ತೆ ಕಣಪ್ಪ" ಎಂದರು ಕದಿರಮ್ಮ. "ಎಲ್ಲರ ಕೈಗೂ ಒಗ್ಗಲ್ಲ."

ತನುಜ ಅಲ್ಲೇ, ಜಾಡಿ ಹಿಡಿದು ನಿಂತಿದ್ದಳು.

"ಸೋಮವಾರ ಮೀಟಿಂಗ್ ಇದೆ, ಅಲ್ಲಿ ಹೇಳಣ" ಎಂದು ಮೋಹನ್‌ಬಾಬು ಹೊರಟ. ಆದರೆ ಮಾತು ಸೋಮವಾರದವರೆಗೆ ಕಾಯಲಿಲ್ಲ. ಎರಡು ದಿನ ಬಿಟ್ಟು ಮುನಿಶಾಮಮ್ಮ ಚನ್ನಕೇಶವ ಎಂಬವರ ಹುಳದ ಮನೆಗೆ, ಗೂಡು ಕಟ್ಟಲು ಬಲಿತ ಹಣ್ಣುಹುಳ ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುವ ಕೆಲಸಕ್ಕೆ ಹೋದವರು ಹೋದ ಕಾಲಲ್ಲೇ ಮರಳಿದರು. ಗೂಡು ಕಟ್ಟುವ ಹೊತ್ತಿನಲ್ಲಿ ಆ ಮನೆಗೆ ಅವರಿಲ್ಲದೆ ನಡೆಯುತ್ತಿರಲಿಲ್ಲ, ಪ್ರತಿ ಬೆಳೆಗೂ ಹೇಳಿಕಳಿಸುತ್ತಿದ್ದರು. ಈ ಸಲ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದರಂತೆ. "ಮಗಳ ಕೈ ಹಂಗಂತೆ, ತಾಯಿದು ಹೆಂಗೋ ಏನೋ. ಈ ಬೆಳೆ ಬ್ಯಾಡಮ್ಮ."

ತನುಜಳಿಗೆ ಕಿವಿಯಲ್ಲಿ ಬೆಂಕಿ ಸುರಿದಂತಾಯಿತು. ತನ್ನ ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಆದರೆ ಈ ಸೀಮೆಯಲ್ಲಿ ಕೈ ಕೆಟ್ಟದ್ದು ಎಂಬ ಹೆಸರು ಅಂಟಿಕೊಂಡರೆ ಅಮ್ಮನಿಗೆ ಯಾವ ಹುಳದ ಮನೆಯ ಬಾಗಿಲೂ ತೆರೆಯುವುದಿಲ್ಲ. ಅಮ್ಮನಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ಆ ಕೈ ಆರಿಸಿದ ಹುಳದ ಕೂಲಿಯಲ್ಲೇ ತನುಜ ಓದಿದ್ದಳು.

"ಬಿಡು ಕಣಮ್ಮಿ, ಬಾಯಿಗೆ ಬಂದಿದ್ದು ಅಂತಾರೆ" ಎಂದರು ಮುನಿಶಾಮಮ್ಮ.

"ನೀನು ಬಿಡ್ತೀಯ. ನಾನು ಬಿಡಲ್ಲ."

ಮಾರನೆಯ ಬೆಳಿಗ್ಗೆ ಅವಳು ಚಿಂತಾಮಣಿಗೆ ಹೋಗಿ ನೇರ ಎರ್ರಪ್ಪನ ರಾಶಿಯ ಮುಂದೆ ನಿಂತಳು. ಜಗಳಕ್ಕೆಂದೇ ಹೋಗಿದ್ದಳು.

"ಕಾಯಿಗೆ ಏನು ಹೊಡೀತೀಯಣ್ಣ? ನಿಜ ಹೇಳು."

"ಎಲ್ಲರೂ ಹೊಡೆಯೋದೇ ಹೊಡೀತೀನಿ. ಬಿಸಿಲಿಗೆ ಹುಳ ಜಾಸ್ತಿ. ವಾರಕ್ಕೊಂದು ಸಲ ಮೇಲೆ, ಬುಡಕ್ಕೆ ಗುಳಿಗೆ. ಇಲ್ದಿದ್ರೆ ಆಯಮ್ಮನಿಗೆ ಮಚ್ಚೆ ಇಲ್ಲದ ಕಾಯಿ ಎಲ್ಲಿಂದ ತರಲಿ?"

"ನಾವು ಮೂರು ಸಲ ತೊಳೀತೀವಿ."

ಎರ್ರಪ್ಪ ಮಗುವನ್ನು ನೋಡುವಂತೆ ನೋಡಿದ. "ಬುಡಕ್ಕೆ ಹಾಕಿದ್ದು ಗಿಡದ ಒಳಗೆ ಏರ್ತದಮ್ಮಾ. ಕಾಯಿ ಒಳಗೇ ಇರ್ತದೆ. ತೊಳೆದ್ರೆ ಹೋಗ್ತದಾ? ಅದಕ್ಕೇ ತಾನೆ ಮನೆಗೆ ಬೇರೆ ಸಾಲು ಇಡೋದು."

"ಮನೆಗೆ ಬೇರೆ ಸಾಲಾ?"

"ನಮ್ಮ ಮಕ್ಕಳು ತಿನ್ನಬೇಕಲ್ಲ! ಆ ಸಾಲಿಗೆ ಏನೂ ಹಾಕಲ್ಲ. ಅರ್ಧ ಹುಳ ತಿಂತದೆ, ಅರ್ಧ ನಾವು ತಿಂತೀವಿ."

"ಹಂಗಾದ್ರೆ ನಮಗೆ ಯಾಕೆ ಇದನ್ನ ಕೊಟ್ಟೆ?"

"ನೀವೆಲ್ಲಿ ತಿಂತೀರಿ? ತಿಗಣೆಗೆ ತಾನೆ?" ಎಂದು ಅವನು ನಿಜಕ್ಕೂ ಅರ್ಥವಾಗದವನಂತೆ ಕೇಳಿದ.

ಬಸ್ಸಿನಲ್ಲಿ ಕೂತಾಗ ಅವಳ ಸಿಟ್ಟು ಎಲ್ಲ ದಿಕ್ಕಿಗೂ ತಿರುಗಿತು. ತನ್ನ ಮೇಲೂ. ಮೊಟ್ಟೆ ಕಾಯಿಯ ಒಳಗೆ ಹೋಗುತ್ತದೆ ಎಂದು ಓದಿ ಬಂದವಳು ಕಾಯಿಯ ಹೊರಗನ್ನು ತೊಳೆಯುತ್ತ ಕೂತಿದ್ದಳು. ಮನೆ ಸಾಲು ಎಂಬುದು ಅವಳಿಗೇನು ಹೊಸದೇ? ಮಾರುವುದಕ್ಕೆ ತರಕಾರಿ ಬೆಳೆಯುವ ಪ್ರತಿಯೊಬ್ಬರೂ ಇಡುತ್ತಾರೆ. ಕದಿರಮ್ಮನವರ ಗಂಡ ಮುನಿವೆಂಕಟಪ್ಪ ಟೊಮೇಟೊ ತೋಟದ ಅಂಚಿನಲ್ಲಿ, ಬಾವಿಯ ಪಕ್ಕ ಇಟ್ಟಿದ್ದಾರೆ. ಅಲ್ಲಿ ಹುರುಳಿಕಾಯಿಯೂ ಇದೆ, ತೂತು ಬಿದ್ದ, ಸೊಟ್ಟ ಕಾಯಿ. ಅದು ಮನೆಯ ಸಾರಿಗೆ ಹೋಗುತ್ತದೆ. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಒಬ್ಬರೂ ಜಾಡಿಯ ಹತ್ತಿರ ತರಲಿಲ್ಲ. ಕೈಯ ಮಾತನ್ನು ಮಾತ್ರ ತಂದರು.

ಅಮ್ಮನ ಮನೆಯ ಹಿಂದೆ, ಬಚ್ಚಲ ನೀರು ಹರಿಯುವ ಕಡೆ, ನಾಲ್ಕಾರು ಹುರುಳಿಕಾಯಿ ಗಿಡಗಳಿದ್ದವು. ತನುಜ ಎಳೆಯವನ್ನು ಕಿತ್ತು ಮಡಿಲಲ್ಲಿ ಕಟ್ಟಿಕೊಂಡು ತಿಗಣೆ ಮನೆಗೆ ಹೋದಳು.

"ಏನೇ ಇದು ಹುಳುಕು?" ಕದಿರಮ್ಮ ಬಾಗಿಲಿಗೆ ಅಡ್ಡ ನಿಂತರು. "ಯಾರ ಮನೇದು?"

"ನಮ್ಮನೇದು."

"ಕಾಲೋನಿ ಬಚ್ಚಲ ಕಾಯಿ ನನ್ನ ಹುಳದ ಮನೆಗಾ? ತಲೆಗಿಲೆ ಕೆಟ್ಟಿದ್ಯಾ?"

"ಕೆಟ್ಟಿರೋದು ಕೈ ಅಂದ್ರಲ್ಲಮ್ಮ. ನೋಡೇಬಿಡಣ." ಅವಳು ಮಡಿಲು ಬಿಚ್ಚಿ ಕಾಯಿ ತೋರಿಸಿದಳು. "ಉಳಿದಿರೋ ತಾಯಿ ತಿಗಣೆ ಎರಡು ಪಾಲು ಮಾಡ್ತೀನಿ. ಒಂದು ಜಾಡಿ ನಿಮ್ದು. ನಿಮ್ಮ ಕಾಯಿ, ನಿಮ್ಮ ಕೈ. ನಾನು ಅದನ್ನ ಮುಟ್ಟಲ್ಲ, ನೆರಳೂ ಬೀಳ್ಸಲ್ಲ. ಇನ್ನೊಂದು ನಂದು. ಈ ಹುಳುಕು ಕಾಯಿ, ಈ ಕೆಟ್ಟ ಕೈ. ಸೋಮವಾರದ ಮೀಟಿಂಗ್ ಮುಂದಕ್ಕೆ ಹಾಕ್ಸಿ. ಮರಿ ಆದ್ಮೇಲೆ ಮಾತಾಡಣ."

ಬೇರೆ ಯಾರಾದರೂ ಆಗಿದ್ದರೆ ಹೊರಗೆ ಹಾಕುತ್ತಿದ್ದರು. ಆದರೆ ಕದಿರಮ್ಮನವರ ಕೈಯ ಮೇಲೆ ಪಂದ್ಯ ಕಟ್ಟಿದವರು ಅದುವರೆಗೆ ಇರಲಿಲ್ಲ. "ಆಗ್ಲಿ ಕಣೇ. ಮೂಗು ಮುರಿಸ್ಕೊಂಡು ಹೋಗೋ ಹಣೆಬರ ಇದ್ರೆ ಯಾರೇನು ಮಾಡಕಾಗುತ್ತೆ" ಎಂದು ದಾರಿ ಬಿಟ್ಟರು.

ತಮ್ಮ ಜಾಡಿಗೆ ಅವರು ಕುಂಕುಮ ಇಟ್ಟರು. ಆರಿಸಿ ಆರಿಸಿ ಕಾಯಿ ಹಾಕಿದರು. ದಿನಕ್ಕೆ ಹತ್ತು ಸಲ ಬಂದು ಗೋಣಿ ಸರಿಸಿ ನೋಡಿ ಹೋದರು. ಮೊದಲೆರಡು ದಿನ ತನುಜಳನ್ನು ಕಂಡರೆ ನಗುತ್ತಿದ್ದರು. ಮೂರನೆಯ ದಿನ ಅವರ ಜಾಡಿಯ ತಳದಲ್ಲಿ ತಾಯಿ ತಿಗಣೆಗಳು ಒರಗಿದ್ದವು. ಕದಿರಮ್ಮ ನಗುವುದನ್ನು ಬಿಟ್ಟರು. ವಾರ ತುಂಬುವ ಹೊತ್ತಿಗೆ ತನುಜಳ ಜಾಡಿಯಲ್ಲಿ, ತೂತು ಬಿದ್ದ ಸೊಟ್ಟ ಕಾಯಿಗಳ ಮೇಲೆ, ಕೆಂಪು ಮರಿಗಳು ಓಡಾಡುತ್ತಿದ್ದವು. ಕದಿರಮ್ಮನವರ ಜಾಡಿಯಲ್ಲಿ ಕಾಯಿಗಳು ಮಾತ್ರ ಇನ್ನೂ ಹೊಳೆಯುತ್ತಿದ್ದವು.

ಕದಿರಮ್ಮ ಭೂತಗನ್ನಡಿಯನ್ನು ಕಿತ್ತುಕೊಂಡು ಎರಡನ್ನೂ ನೋಡಿದರು. ಎರಡನೆಯ ಸಲ ನೋಡಿದರು. ಆಮೇಲೆ ತಮ್ಮ ಜಾಡಿಯನ್ನು ಎತ್ತಿಕೊಂಡು ಅಂಗಳಕ್ಕೆ ನಡೆದರು. ಅಲ್ಲಿ ಮೋಹನ್‌ಬಾಬು, ಸಂಘದ ನಾಲ್ಕು ಜನ, ಕಟ್ಟೆಯ ಮೇಲೆ ಮುನಿವೆಂಕಟಪ್ಪ ಕೂತಿದ್ದರು. ತನುಜಳನ್ನು ಕೆಲಸದಿಂದ ಬಿಡಿಸಲು ಕರೆದು, ಮುಂದಕ್ಕೆ ಹಾಕಿದ್ದ ಮೀಟಿಂಗ್ ಅದು.

"ನೋಡೋ ಮೋಹನ, ಇದು ನನ್ನ ಕೈಯಾರ ಸಾಕಿದ್ದು. ಒಂದೂ ಇಲ್ಲ. ಅವಳದು ತುಂಬಿ ತುಳುಕ್ತಾ ಇದೆ. ಈಗ ಹೇಳು, ನನ್ನ ಕೈಗುಣ ಹೋಯ್ತಾ?"

ಮೋಹನ್‌ಬಾಬು ಗಲಿಬಿಲಿಗೊಂಡ. "ಅಯ್ಯೋ ಅತ್ತಿಗೆ, ನಿಮ್ಮ ಕೈಗೇನಾಗಿದೆ? ಕಾಯೀಲೇ ಏನೋ ತೊಂದ್ರೆ ಇರ್ಬೇಕು."

ತನುಜ ಬಾಗಿಲಿಂದ ಹೊರಗೆ ಬಂದಳು. "ನನ್ನ ಜಾಡೀಲಿ ಸತ್ತಾಗ ಕೈ. ಅವರ ಜಾಡೀಲಿ ಸತ್ರೆ ಕಾಯಿ. ಅಲ್ವಾ ಸಾರ್? ಆಗಲೂ ಇದೇ ಕಾಯೀನೇ ಇತ್ತಲ್ಲ. ಅವತ್ತು ಯಾಕೆ ಹೊಳೀಲಿಲ್ಲ?"

ಎರ್ರಪ್ಪ ಹೇಳಿದ ಮನೆ ಸಾಲಿನ ಮಾತನ್ನು ಅವಳು ಎಲ್ಲರ ಮುಂದೆ ಬಿಡಿಸಿಟ್ಟಳು. ಕೇಳಿ ಮುಗಿದ ಮೇಲೆ ಮುನಿವೆಂಕಟಪ್ಪ ತಂಬುಲ ಉಗಿದು ಬಂದು, "ಅದೇನು ದೊಡ್ಡ ವಿಷ್ಯಾನೇ?" ಎಂದು ಹೆಂಡತಿಯ ಕಡೆ ತಿರುಗಿದರು. "ನಮ್ಮನೆ ಸಾರಿಗೆ ಮಾರೋ ಕಾಯಿ ಯಾವತ್ತು ಹಾಕಿದೀಯ ನೀನು?"

ಕದಿರಮ್ಮನವರ ಮುಖ ಕಪ್ಪಿಟ್ಟಿತು. ಅವರು ತಪ್ಪಾಯಿತು ಅನ್ನಲಿಲ್ಲ. ಆ ಮಾತು ಅವರ ಬಾಯಲ್ಲಿ ಯಾವತ್ತೂ ಬಂದದ್ದನ್ನು ಕೇಳಿದವರಿಲ್ಲ. ಜಾಡಿಯಲ್ಲಿದ್ದ ಹೊಳೆಯುವ ಕಾಯಿಗಳನ್ನು ಅಂಗಳಕ್ಕೆ ಸುರಿದರು. ಮೇಯಲು ಬಂದ ಕುರಿಮರಿಯನ್ನು ಕಾಲಿನಿಂದ ತಳ್ಳಿ ಓಡಿಸಿ, ಕಾಯಿಗಳನ್ನು ತಿಪ್ಪೆಗೆ ಗುಡಿಸಿದರು. "ಕೂತು ಮೀಟಿಂಗ್ ಮಾಡ್ತಾರಂತೆ ಮೀಟಿಂಗು, ಏಳ್ರೋ" ಎಂದು ಎಲ್ಲರನ್ನೂ ಬೈದರು. ತನುಜಳಿಗೂ ಒಂದು ಪಾಲು ಬಂತು: "ಮೊದ್ಲೇ ಬಾಯಿ ಬಿಟ್ಟು ಹೇಳಕ್ಕೇನಾಗಿತ್ತೇ ನಿಂಗೆ ರೋಗ?"

"ಕೇಳೋರು ಇದ್ರಾ ಅಮ್ಮ?" ಎಂದಳು ತನುಜ. "ನಂದು ಬಿಡಿ. ನಮ್ಮಮ್ಮನ್ನ ಚನ್ನಕೇಶವೋರ ಮನೆ ಬಾಗಿಲಿಂದ ವಾಪಸ್ ಕಳ್ಸಿದಾರೆ. ಆ ಮಾತು ಹುಟ್ಟಿದ್ದು ನಿಮ್ಮ ಬಾಯಲ್ಲಿ. ನೀವೇ ಹೋಗಿ ಅಳಿಸ್ಬೇಕು."

ಕದಿರಮ್ಮ ಅವಳನ್ನು ಸುಟ್ಟುಬಿಡುವ ಹಾಗೆ ನೋಡಿದರು. ಸೆರಗು ಬಿಗಿದು ಅಲ್ಲಿಂದಲೇ ಹೊರಟರು. ಚನ್ನಕೇಶವನ ಮನೆಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ, "ಕೈಗಿಯ್ಯಿ ಅಂತ ಇನ್ನೊಂದ್ ಸಲ ಅಂದ್ರೆ ನೋಡು. ವಿಷ ತುಂಬಿದ ಕಾಯಿ ಹಾಕಿದ್ದು ನಾನು ಕಣೋ, ನಾನು. ಬೇಕಾದ್ರೆ ನನ್ನ ಹೊಸ್ತಿಲು ಹತ್ತಿಸಬೇಡ" ಎಂದು ಕೂಗಾಡಿ ಬಂದರು. ಅದು ಕ್ಷಮೆಯೋ ಬೈಗುಳವೋ ಊರಿಗೆ ತಿಳಿಯಲಿಲ್ಲ. ಆದರೆ ಮುಂದಿನ ಬೆಳೆಗೆ ಅಲ್ಲಿಂದ ಮುನಿಶಾಮಮ್ಮನಿಗೆ ಹೇಳಿಕಳಿಸಿದರು. ಮುನಿಶಾಮಮ್ಮ ಹೋಗಲಿಲ್ಲ. ಬೇರೆ ಎರಡು ಮನೆಯವರು ಕರೆದಿದ್ದರು, ಅಲ್ಲಿಗೆ ಹೋದರು.

ಆ ಮೀಟಿಂಗಿನ ಮಾರನೆಯ ಬೆಳಿಗ್ಗೆ ಕದಿರಮ್ಮ ಬಾವಿಯ ಪಕ್ಕದ ಮನೆ ಸಾಲಿನಿಂದ ಹುಳುಕು ಕಾಯಿ ಕಿತ್ತು ಬುಟ್ಟಿಯಲ್ಲಿ ತಂದರು. ಹಳೆಯ ರೂಢಿಯಂತೆ ಹೊಸ್ತಿಲ ಹತ್ತಿರ ನೆಲದ ಮೇಲೆ ಇಟ್ಟರು.

ತನುಜ ಬಗ್ಗಲಿಲ್ಲ.

"ತಗೋಳೇ."

"ಕೈಗೆ ಕೊಡಿ ಅಮ್ಮ."

ಒಳಗೆ ಜಾಡಿಗಳಲ್ಲಿ ಮರಿಗಳು ಹಸಿದಿದ್ದವು, ತಾಯಿ ತಿಗಣೆಗಳಿಗೆ ಮೊಟ್ಟೆ ಇಡಲು ಹೊಸ ಕಾಯಿ ಬೇಕಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ತನುಜ ಕೈ ಚಾಚಿಕೊಂಡೇ ನಿಂತಳು. ಕದಿರಮ್ಮ ಬೀದಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. "ಬಲು ಕೊಬ್ಬು ಕಣೇ ನಿಂಗೆ" ಎಂದು ಬುಟ್ಟಿಯನ್ನು ಎತ್ತಿ, ಎಸೆದ ಹಾಗೆ, ಅವಳ ಎರಡು ಕೈಗೆ ಹಾಕಿದರು. ಬೆರಳಿಗೆ ಬೆರಳು ತಾಗಿತು. ಅವರು ಕೈ ತೊಳೆಯಲು ಬಾವಿಗೆ ಹೋಗುತ್ತಾರೋ ಎಂದು ತನುಜ ನೋಡುತ್ತಿದ್ದಳು. ಹೋಗಲಿಲ್ಲ. ಹೋಗಿದ್ದರೆ ಅವಳು ಅವತ್ತೇ ಕೆಲಸ ಬಿಡುತ್ತಿದ್ದಳು.

ಅದಾಗಿ ಎರಡು ವರ್ಷ ಕಳೆದಿದೆ. ಇಬ್ಬರ ನಡುವೆ ಸ್ನೇಹವೇನೂ ಬೆಳೆದಿಲ್ಲ. ತನುಜ ಅವರ ಮನೆಯ ಕಾಫಿ ಕುಡಿದಿಲ್ಲ, ಅವರು ಕೊಟ್ಟೂ ಇಲ್ಲ. ಜಗಳ ವಾರಕ್ಕೊಮ್ಮೆ ನಡೆಯುತ್ತದೆ.

ಕದಿರಮ್ಮ ಈಗ ಬಾವಿಯ ಪಕ್ಕದ ಆ ಒಂದು ಸಾಲನ್ನು ಅರ್ಧ ಎಕರೆಗೆ ಹಬ್ಬಿಸಿ ತಿಗಣೆ ಮನೆಗೆಂದೇ ಹುರುಳಿಕಾಯಿ ಬೆಳೆಯುತ್ತಾರೆ. ಗಂಡನನ್ನು ಔಷಧಿಯ ಪಂಪು ಹೊತ್ತು ಆ ಕಡೆ ಸುಳಿಯಲು ಬಿಡುವುದಿಲ್ಲ. ಬೆಳಿಗ್ಗೆ ಮಚ್ಚೆಯಿರುವ ಕಾಯಿಗಳನ್ನು ಕಿತ್ತು ತಂದು ತನುಜಳ ಕೈಗೆ ಕೊಡುತ್ತಾರೆ.